ಕೆಂಪು ತ್ರಿಕೋನದ ಕೆಳಗೆ ಬಿದ್ದೋದ ಸೋದರಮಾವ

ನಿಮಗೆ ಯಾವತ್ತಾದ್ರೂ ಹಿಂಗಾಗಿದ್ಯಾ? ಕಂಪ್ಯೂಟರಲ್ಲಿ ಎಲ್ಲಾ ಸರಿಯಾಗಿ ಕಾಣ್ತಿರತ್ತೆ, ಪ್ರಿಂಟಾಗಿ ಕೈಗೆ ಬಂದಾಗ ಒಂದು ಸಾಲು ಇರಲ್ಲ. ನೀವು ಅಳಿಸಿಲ್ಲ, ಬೇರೆ ಯಾರೂ ಮುಟ್ಟಿಲ್ಲ, ಆದ್ರೂ ಇಲ್ಲ. ಆಗಿದ್ರೆ ನನ್ನ ಸಂಕಟ ನಿಮಗೆ ಗೊತ್ತಾಗತ್ತೆ. ಆಗಿಲ್ಲ ಅಂದ್ರೂ ಓದಿ, ಮುಂದೆ ಉಪಯೋಗಕ್ಕೆ ಬರತ್ತೆ. ನನ್ನ ಕೇಸಲ್ಲಿ ಕಾಣೆಯಾಗಿದ್ದು ಬರೀ ಸಾಲಲ್ಲ ಕಣ್ರೀ, ನಮ್ಮ ಸೋದರಮಾವ.

ಎರಡು ಸಾವಿರದ ಹತ್ತೋ ಹನ್ನೊಂದೋ ಇರ್ಬೇಕು. ತುಮಕೂರು ರಸ್ತೇಲಿ ಮೆಟ್ರೋ ಕಂಬ ಏಳ್ತಿದ್ದ ಕಾಲ. ನಾನು ಮದ್ವೆಯಾಗಿ ಶೆಟ್ಟಿಹಳ್ಳೀಲೇ, ತವರುಮನೆಯಿಂದ ಎರಡು ರಸ್ತೆ ಆಚೆ ಇದ್ದೆ. ಮಗಳು ಒಂದನೇ ಕ್ಲಾಸಿಗೆ ಸೇರಿದ್ಲು. ಒಂಬತ್ತರಿಂದ ಮೂರೂವರೆ ತನಕ ಮನೇಲಿ ನಾನು, ಮೇಲೆ ಫ್ಯಾನು. ಎಷ್ಟೂಂತ ಮುಖಾಮುಖಿ ನೋಡ್ಕೊಂಡಿರೋದು? ಯಶವಂತಪುರದಲ್ಲಿ ಡಿಟಿಪಿ ಕ್ಲಾಸಿಗೆ ಸೇರ್ಕೊಂಡೆ. ಕಲಿತು ಮನೆ ಮುಂದಿನ ರೂಮಲ್ಲೇ ಒಂದು ಅಂಗಡಿ ಇಡೋದು, ಲಗ್ನಪತ್ರಿಕೆ, ಬ್ರೋಷರು, ಶಾಲೆ ಪ್ರಶ್ನೆಪತ್ರಿಕೆ ಮಾಡ್ಕೊಡೋದು ಅಂತ ಆಸೆ.

ಪೇಜ್ ಲೇಔಟ್ ಕಲೀತಿದೀನಿ ಅಂತ ಅಪ್ಪನಿಗೆ ಹೇಳಿದೆ. ನಮ್ಮಪ್ಪ ರಾಗಿ ಬೆಳೀತಿದ್ದ ಹೊಲಾನ ಸೈಟು ಮಾಡಿ ಕೂತಿರೋ ಮನುಷ್ಯ. ಲೇಔಟ್ ಅಂದ್ರೆ ಅವರಿಗೆ ಇರೋದೇ ಒಂದರ್ಥ.

"ಲೇಔಟ್‌ನಾಗೆ ಕಲಿಯಾಕೆ ಏನಮ್ಮ ಐತೆ? ಕಲ್ಲು ನೆಟ್ಟು ರೋಡು ಬುಟ್ರೆ ಆಯ್ತು."

"ಜಮೀನಿನ ಲೇಔಟಲ್ಲಪ್ಪ. ಪೇಪರ್ ಮೇಲೆ ಮಾಡೋದು."

"ಎಲ್ಲಾ ಲೇಔಟೂ ಮೊದ್ಲು ಪೇಪರ್ ಮ್ಯಾಲೇ ಇರಾದು ಕಣಮ್ಮ."

ಸುತ್ತ ಜಾಗ ಬಿಡ್ಬೇಕು, ಅದಕ್ಕೆ ಮಾರ್ಜಿನ್ ಅಂತಾರೆ ಅಂತ ತಿಳಿಸಿ ಹೇಳೋಕೆ ಹೋದೆ. "ಅದೇ ಸೆಟ್‌ಬ್ಯಾಕು. ಯಾರೂ ಬುಡಾಕಿಲ್ಲ, ನೀನೂ ಬುಡಬ್ಯಾಡ" ಅಂದ್ರು. ಅಲ್ಲಿಗೆ ನನ್ನ ಪಾಠ ಮುಗೀತು.

ಕ್ಲಾಸಿದ್ದಿದ್ದು ಒಂದು ಪೇಂಟ್ ಅಂಗಡಿ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಹೋಗ್ಬೇಕು. ಆರು ಕಂಪ್ಯೂಟರ್, ಒಂಬತ್ತು ಜನ. ಕಲಿಸ್ತಿದ್ದ ಮೇಷ್ಟ್ರು ಹಿಂದೆ ಪ್ರೆಸ್ಸಲ್ಲಿ ಸೀಸದ ಮೊಳೆ ಜೋಡಿಸ್ತಿದ್ದೋರು. ಮೌಸ್ ಹಿಡಿಯೋದೂ ಹಂಗೇ, ಮೊಳೆ ಹೆಕ್ಕೋ ಥರ ಎರಡೇ ಬೆರಳಲ್ಲಿ. ಆ ಸಾಫ್ಟ್‌ವೇರ್ ಹೆಸರು ಹೇಳಲ್ಲ, ಆ ಕಾಲದಲ್ಲಿ ಡಿಟಿಪಿ ಮಾಡಿದೋರಿಗೆಲ್ಲ ಗೊತ್ತು. ಬಾಣದ ಗುರುತು ಹಿಡಿದ್ರೆ ಬಾಕ್ಸು ಓಡಾಡತ್ತೆ, ಟಿ ಗುರುತು ಹಿಡಿದ್ರೆ ಅಕ್ಷರ ಟೈಪಾಗತ್ತೆ. ನಾನು ಹಿಡೀತಿದ್ದಿದ್ದು ಯಾವಾಗ್ಲೂ ಇನ್ನೊಂದನ್ನ. ಮೊದಲನೇ ವಾರ ಪೂರ್ತಿ ಕೀಬೋರ್ಡಲ್ಲಿ 'ಕ್ಷ' ಎಲ್ಲಿದೆ ಅಂತ ಹುಡುಕೋದ್ರಲ್ಲೇ ಹೋಯ್ತು. ಎರಡನೇ ವಾರ ಕರೆಂಟ್ ಹೋಗಿ, ಸೇವ್ ಮಾಡದೇ ಇದ್ದಿದ್ದೆಲ್ಲಾ ಹೋಯ್ತು. ಮೂರನೇ ವಾರ ಸೇವ್ ಮಾಡಿದೆ, ಎಲ್ಲಿ ಮಾಡಿದೆ ಅಂತ ಸಿಗ್ಲಿಲ್ಲ.

ಮೇಷ್ಟ್ರು ಒಂದು ಮಾತು ದಿನಾ ಹೇಳೋರು. "ಬಾಕ್ಸಿನ ಕೆಳಗಡೆ ಒಂದು ಪುಟ್ಟ ಕೆಂಪು ತ್ರಿಕೋನ ಬರತ್ತೆ. ಕೆಂಪು ಕಂಡ್ರೆ ನಿಂತ್ಕೊಳ್ಳಿ. ಸಿಗ್ನಲ್ ಇದ್ದಂಗೆ." ನಾವೆಲ್ಲ ತಲೆ ಆಡಿಸ್ತಿದ್ವಿ. ಯಶವಂತಪುರ ಸರ್ಕಲ್ ಸಿಗ್ನಲ್ಲಲ್ಲಿ ಯಾರು ನಿಂತ್ಕೋತಾರೆ ಅಂತ ಅವರೂ ನೋಡಿಲ್ವಾ?

ಅಷ್ಟರಲ್ಲಿ ನನ್ನ ತಂಗಿ ಮದ್ವೆ ಗೊತ್ತಾಯ್ತು.

ಇಲ್ಲಿ ಮಾವನ ವಿಷ್ಯ ಹೇಳ್ಬೇಕು. ಅಮ್ಮನ ಒಬ್ಬರೇ ಅಣ್ಣ, ಮಾಕಳೀಲಿರ್ತಾರೆ. ಐದು ವರ್ಷದ ಹಿಂದೆ ನಮ್ಮ ಹೊಸ ಮನೆ ಗೃಹಪ್ರವೇಶಕ್ಕೆ ಅಪ್ಪ ಅವರನ್ನ ಫೋನಲ್ಲಿ ಕರೆದುಬಿಟ್ರು. ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದಿಲ್ಲ, ಹಲೋ ಅಂದು ಕರೆದಿದಾರೆ. ಮಾವ ಬರ್ಲಿಲ್ಲ. ಅವತ್ತಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಫೋನ್ ರಿಂಗಾದಾಗೆಲ್ಲ ಅಮ್ಮ ಅಪ್ಪನ್ನ ಒಂದು ನೋಟ ನೋಡ್ತಿದ್ರು. ಐದು ವರ್ಷ ಆ ನೋಟ ಮುಗೀಲಿಲ್ಲ.

ಈಗ ಮದ್ವೆ. ನಮ್ಮಲ್ಲಿ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋದು ಸೋದರಮಾವ. ಇರೋ ಸೋದರಮಾವ ಮನೇಲಿ ಮುನಿಸ್ಕೊಂಡು ಕೂತಿದ್ರೆ, ಬೇರೆ ಯಾರನ್ನೋ ನಿಲ್ಲಿಸಿ ಕರ್ಕೊಂಡು ಬಂದ್ರೆ, ಊಟ ಮುಗಿಯೋ ತನಕ ಜನ ಮಾತಾಡೋದು ಅದನ್ನೇ. ಜನದ್ದು ಬಿಡಿ, ಅಮ್ಮನ ಮುಖ ನೋಡೋಕಾಗ್ತಿರ್ಲಿಲ್ಲ. ಅವರೇ ಒಬ್ಬರೇ ಬಸ್ ಹತ್ತಿ ಮಾಕಳಿಗೆ ಹೋಗಿ, ಅರ್ಧ ದಿನ ಕೂತು, ಅಣ್ಣನ್ನ ಒಪ್ಪಿಸ್ಕೊಂಡು ಬಂದ್ರು. ಒಪ್ಪಿದೋರು ಒಂದು ಮಾತು ಹಾಕಿದ್ರಂತೆ.

"ಲಗ್ನಪತ್ರಿಕೆನಾಗೆ ನನ್ನೆಸ್ರು ಎಲ್ಲೈತೆ ನೋಡ್ತೀನಿ. ಆಮ್ಯಾಕೆ ಬತ್ತೀನಿ."

ಆಗ ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು. "ಪತ್ರಿಕೆ ನಾನೇ ಮಾಡ್ತೀನಿ" ಅಂದೆ. ಇವತ್ತಿಗೂ ಆ ವಾಕ್ಯ ನೆನೆಸ್ಕೊಂಡ್ರೆ ನನ್ನ ಬಾಯಿಗೆ ನಾನೇ ಹೊಡ್ಕೊಳ್ಳೋಣ ಅನ್ಸತ್ತೆ.

ಲಗ್ನಪತ್ರಿಕೇಲಿ ಕಷ್ಟ ಮುಹೂರ್ತದ್ದಲ್ಲ, ಗಣಪತಿದೂ ಅಲ್ಲ. ಕೆಳಗೆ 'ಸುಖಾಗಮನ ಬಯಸುವವರು' ಅಂತ ಇರತ್ತಲ್ಲ, ಅದು. ಅಪ್ಪ ಕೊಟ್ಟ ಪಟ್ಟೀಲಿ ನಲವತ್ತೊಂದು ಹೆಸರು. ದೊಡ್ಡಪ್ಪಂದಿರು ಮೊದ್ಲು, ಅದ್ರಲ್ಲೂ ಹಿರಿಯೋರು ಮೇಲೆ. ಯಾರ ಹೆಸರೂ ಎರಡು ಸಾಲಿಗೆ ಮುರಿದು ಬೀಳ್ಬಾರ್ದು. ಒಬ್ಬರಿಗೆ 'ಮಾಜಿ ಸದಸ್ಯರು' ಅಂತ ಹಾಕಿದ್ರೆ ಇನ್ನೊಬ್ಬರಿಗೆ 'ಗುತ್ತಿಗೆದಾರರು' ಅಂತ ಹಾಕ್ಲೇಬೇಕು. ಅದೆಲ್ಲ ಆದ್ಮೇಲೆ ಅಮ್ಮ ಬಂದು ಪಕ್ಕದಲ್ಲಿ ಕೂತ್ರು.

"ನಮ್ಮಣ್ಣನ ಎಸ್ರು ಈ ಗುಂಪಲ್ಲಿ ಬ್ಯಾಡ. ಕಡೇಲಿ ಒಂದೇ ಸಾಲಲ್ಲಿ, ಸೋದರಮಾವ ಅಂತ ಬರ್ದು, ದಪ್ಪಕ್ಷರದಲ್ಲಿ ಆಕು. ಎದ್ದು ಕಾಣ್ಬೇಕು."

ಹಂಗೇ ಹಾಕಿದೆ. ಕ್ಲಾಸಿನ ಪ್ರಿಂಟರಲ್ಲಿ ಒಂದು ತೆಗೆದು ತಂದು ತೋರಿಸ್ದೆ. ಮಾವ ಕಡೇ ಸಾಲಲ್ಲಿ ಒಬ್ಬರೇ ದಪ್ಪಗೆ ನಿಂತಿದ್ರು. ಅಮ್ಮ ಆ ಸಾಲಿನ ಮೇಲೆ ಬೆರಳಾಡಿಸಿ, ಒಳಗೆ ಹೋಗಿ ನಂಗೆ ಕಾಫಿ ಮಾಡ್ಕೊಂಡು ಬಂದ್ರು. ಅಲ್ಲಿ ತನಕ ನಾನು ಡಿಟಿಪಿ ಕಲೀತಿರೋದು ಟೈಮ್‌ಪಾಸು ಅಂತ ಇದ್ದೋರು.

ಫೈಲನ್ನ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಆರ್.ಟಿ. ನಗರದ ಪ್ರೆಸ್ಸಿಗೆ ಹೋದೆ. ಅಲ್ಲಿ ಓಪನ್ ಮಾಡಿದ್ರೆ ಕನ್ನಡವೇ ಇಲ್ಲ. ಇಂಗ್ಲಿಷ್ ಎ ಮೇಲೆ ಟೋಪಿ, ಯು ಮೇಲೆ ಎರಡು ಚುಕ್ಕಿ, ಮಧ್ಯೆ ಮಧ್ಯೆ ಎಲ್ಲೆಲ್ಲಿಂದಲೋ ಬಂದ ಗೀಟು. ನಮ್ಮಪ್ಪ ಅಮ್ಮ, ಮದ್ವೆ ಗಂಡು, ನಲವತ್ತೊಂದು ನೆಂಟರು, ಎಲ್ಲಾ ಟೋಪಿ ಹಾಕ್ಕೊಂಡು ನಿಂತಿದ್ರು.

ಪ್ರೆಸ್ಸಿನೋರು ನನ್ನ ನೋಡಿದ್ರು. "ಯಾವ್ ಫಾಂಟ್ ಮೇಡಂ?"

"ಕನ್ನಡ ಫಾಂಟು."

"ಕನ್ನಡ ಅಂತ ನಂಗೂ ಗೊತ್ತು ಮೇಡಂ. ಯಾವ್ದು?"

ನಂಗೇನು ಗೊತ್ತು? ಕ್ಲಾಸಲ್ಲಿ ಪಟ್ಟೀಲಿ ಮೇಲಿಂದ ಮೂರನೇದು ಒತ್ತು ಅಂದಿದ್ರು, ಒತ್ತಿದ್ದೆ. ಫೈಲ್ ಜೊತೆ ಫಾಂಟನ್ನೂ ತಗೊಂಡು ಹೋಗ್ಬೇಕು ಅನ್ನೋದು, ಅಡಿಗೆ ಮಾಡ್ಸೋಕೆ ಭಟ್ಟರನ್ನ ಕರೆದ್ರೆ ಸೌಟೂ ನೀವೇ ತಗೊಂಡ್ಬನ್ನಿ ಅಂದಂಗೆ ಅಲ್ವಾ? ಮೇಷ್ಟ್ರಿಗೆ ಫೋನ್ ಮಾಡಿದ್ರೆ ಅವರು ಊರಲ್ಲಿಲ್ಲ. ಪ್ರೆಸ್ಸಿನೋರೇ ತಡಕಾಡಿ, "ಇದೇ ಜಾತಿದು ಇನ್ನೊಂದಿದೆ, ಹಾಕಿ ನೋಡ್ತೀನಿ ತಾಳಿ" ಅಂತ ಒಂದು ಒತ್ತಿದ್ರು. ಟೋಪಿ ಎಲ್ಲಾ ಬಿದ್ದೋಗಿ ಕನ್ನಡ ಬಂತು. ನಂಗೆ ಹೋದ ಜೀವ ಬಂತು.

"ಮೇಲಿಂದ ಕೆಳಗೆ ಒಂದ್ಸಲ ಪೂರ್ತಿ ನೋಡ್ಬಿಡಿ ಮೇಡಂ. ಓಕೆ ಅಂದ್ರೆ ಪ್ಲೇಟ್ ಮಾಡಿಸ್ತೀನಿ. ಆಮೇಲೆ ನಂದೇನಿಲ್ಲ."

ನೋಡಿದೆ. ಗಣಪತಿ ಸರಿ, ಹುಡುಗಿ ಹೆಸರು ಸರಿ, ಹುಡುಗನ ಹೆಸರಲ್ಲಿ ಒತ್ತು ಸರಿ, ಮುಹೂರ್ತ, ಛತ್ರ ಸರಿ. ದೊಡ್ಡಪ್ಪಂದಿರ ಸಾಲು ಸರಿ. ಕೆಳಗೆ ಒಂದು ಪುಟ್ಟ ಕೆಂಪು ತ್ರಿಕೋನ ಇತ್ತು. ನೋಡಿದೆ ಕಣ್ರೀ. ಹೊಟ್ಟೆ ಉರಿಯೋದು ಅದಕ್ಕೇ. ನೋಡ್ದೇ ಇದ್ದಿದ್ರೆ ನೋಡ್ಲಿಲ್ಲ ಅಂತಾದ್ರೂ ಹೇಳ್ಬಹುದಿತ್ತು. ಪ್ರೆಸ್ಸಿನ ಕಂಪ್ಯೂಟರಲ್ಲಿ ಅದು ಹಿಂಗೇ ಇರತ್ತೇನೋ ಅಂದ್ಕೊಂಡು, "ಓಕೆ" ಅಂತ ಸೈನ್ ಹಾಕ್ಬಂದೆ.

ಪತ್ರಿಕೆ ಬಂದ ದಿನ ಬೆಳಿಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ, ಮೊದಲನೇ ಪತ್ರಿಕೆಗೆ ನಾಲ್ಕು ಮೂಲೇಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ರು. ಕೈ ಮುಗಿದ್ರು. ಆಮೇಲೆ ಎತ್ತಿ ಓದಿದ್ರು. ನಾನು ಪಕ್ಕದಲ್ಲಿ ಹೊಗಳಿಸ್ಕೊಳ್ಳೋಕೆ ರೆಡಿಯಾಗಿ ನಿಂತಿದ್ದೆ. ಅಮ್ಮ ಹಿಂದೆ ತಿರುಗಿಸಿದ್ರು, ಮತ್ತೆ ಮುಂದೆ ತಿರುಗಿಸಿದ್ರು.

"ನಮ್ಮಣ್ಣ ಎಲ್ಲಿ?"

ಇಲ್ಲ. ನಲವತ್ತೊಂದೂ ಹೆಸರಿತ್ತು. ಕೆಳಗೆ ಬಿಳೀ ಜಾಗ, ಆಮೇಲೆ ಚಿನ್ನದ ಬಣ್ಣದ ಬಳ್ಳಿ. ಇನ್ನೊಂದು ತೆಗೆದ್ವಿ, ಅದರಲ್ಲೂ ಇಲ್ಲ. ಆರುನೂರು ಪತ್ರಿಕೇಲಿ ಒಂದರಲ್ಲಾದ್ರೂ ಇರತ್ತೇನೋ ಅನ್ನೋ ಹಂಗೆ ನಾನು ಪೆದ್ದುಪೆದ್ದಾಗಿ ಎಂಟು ಹತ್ತು ತೆಗೆದು ನೋಡಿದೆ.

ಅಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ನಾನು ಯಾವ್ ಮುಖ ಇಟ್ಕಂಡು ಮಾಕ್ಳಿಗೆ ಓಗ್ಲಿ?" ಅಂದು ಅಡಿಗೆಮನೆಗೆ ಹೋಗಿಬಿಟ್ರು.

ಪ್ರೆಸ್ಸಿಗೆ ಫೋನ್ ಮಾಡಿದೆ. "ನೀವು ಓಕೆ ಅಂದಿದ್ದನ್ನೇ ಹೊಡೆದಿದೀನಿ ಮೇಡಂ. ಮದ್ವೆ ಸೀಸನ್ನು, ಇನ್ನು ಹತ್ತು ದಿನ ಮೆಷಿನ್ ಖಾಲಿ ಇಲ್ಲ." ಮದ್ವೆಗೆ ಇದ್ದಿದ್ದೇ ಹದಿನೇಳು ದಿನ.

ಅಪ್ಪ ಒಂದು ಸಲಹೆ ಕೊಟ್ರು. "ಒಂದು ಸೀಲ್ ಮಾಡ್ಸು. ಎಸ್ರು ಬರ್ಸಿ ಟಪ್ ಟಪ್ ಅಂತ ಒಡೆದ್ಬುಡಣ."

"ಪಂಚಾಯ್ತಿ ಆಫೀಸಾ ಅಪ್ಪಾ?"

"ಅಂಗಾದ್ರೆ ನಿಮ್ಮಾವಂಗೆ ಒಂದೇ ಒಂದು ಬ್ಯಾರೆ ಒಡ್ಸು. ಎಸ್ರು ಇರಾದು. ಉಳಿದೋರ್ದು ಅವ್ನೆಲ್ಲಿ ನೋಡ್ತಾನೆ?"

ನಾಚಿಕೆ ಬಿಟ್ಟು ಹೇಳ್ತೀನಿ, ಆ ಐಡಿಯಾ ನಂಗೆ ಚೆನ್ನಾಗೇ ಕಾಣ್ತು. ಫೈಲ್ ತಗೊಂಡು ಯಶವಂತಪುರಕ್ಕೆ ಓಡಿದೆ. ಮೇಷ್ಟ್ರು ಊರಿಂದ ಬಂದಿದ್ರು. ಸ್ಕ್ರೀನ್ ನೋಡಿ, ನನ್ನ ಕಡೆ ತಿರುಗದೇನೇ ಕೇಳಿದ್ರು.

"ಕೆಂಪು ಕಂಡ್ರೆ?"

"ನಿಂತ್ಕೋಬೇಕು ಸರ್."

"ನಿಂತ್ರಾ?"

ಅವರು ತಿಳಿಸಿ ಹೇಳಿದ್ದು ಇಷ್ಟು. ಪ್ರೆಸ್ಸಿನೋರು ಹಾಕಿದ ಫಾಂಟಿನ ಅಕ್ಷರ ನಮ್ಮದಕ್ಕಿಂತ ಒಂದು ಕೂದಲೆಳೆ ಅಗಲ. ಅದಕ್ಕೇ ಮೇಲೆ ಎರಡು ಮೂರು ಹೆಸರು ಸಾಲು ಮುರಿದು ಕೆಳಗೆ ಇಳಿದಿವೆ. ಬಾಕ್ಸ್ ಅಷ್ಟೇ ಇದೆ. ಒಳಗೆ ಹಿಡಿಸದೇ ಇದ್ದಿದ್ದು ಕೆಳಗೆ ಮರೆಯಾಗಿದೆ. ಆ ತ್ರಿಕೋನಕ್ಕೆ ಅರ್ಥವೇ ಅದು, ಒಳಗಡೆ ಇನ್ನೂ ಯಾರೋ ಇದಾರೆ ಅಂತ. "ಎಲ್ಲೂ ಹೋಗಿಲ್ಲ. ಬಾಕ್ಸ್ ಹಿಡಿದು ಕೆಳಗೆ ಎಳೀರಿ" ಅಂದ್ರು. ಎಳೆದೆ. ದಪ್ಪಕ್ಷರದಲ್ಲಿ ಮಾವ ಈಚೆಗೆ ಬಂದ್ರು, ಏನೂ ಆಗಿಲ್ಲ ಅನ್ನೋ ಹಂಗೆ. ಎಷ್ಟು ಸಿಟ್ಟು ಬಂತು ಅಂತೀರಾ. ಇಲ್ಲೇ ಕೂತಿದ್ಯಾ ಮಾವ ನೀನು?

ಅಮ್ಮ ಹೇಳಿದಂಗೆ ಎದ್ದು ಕಾಣ್ಲಿ ಅಂತ ಕಡೇಲಿ ಹಾಕಿದ್ದಕ್ಕೇ ಮೊದ್ಲು ಬಿದ್ದಿದ್ದು ಅವರು. ಗುಂಪಲ್ಲಿ ಸೇರಿಸಿದ್ರೆ ಉಳ್ಕೊಳ್ತಿದ್ರು.

ಅಂಥದ್ದೇ ಕಾರ್ಡಲ್ಲಿ ಕಲರ್ ಪ್ರಿಂಟ್ ತೆಗೆಸಿದೆ. ಚಿನ್ನದ ಬಳ್ಳಿ ಸಾಸಿವೆ ಬಣ್ಣಕ್ಕೆ ಬಂತು. ಮಾವನಿಗೆ ಕನ್ನಡಕ ಇದ್ರೂ ಅಷ್ಟೆಲ್ಲ ನೋಡಲ್ಲ ಅಂದ್ಕೊಂಡೆ. ಅಮ್ಮ ಬರಲ್ಲ ಅಂದ್ರು. ಅಪ್ಪ, ನಾನು ಇಬ್ಬರೇ ಅರಿಶಿನ ಕುಂಕುಮ, ಹೂವು, ಹಣ್ಣು ಹಿಡ್ಕೊಂಡು ಮಾಕಳಿಗೆ ಹೊರಟ್ವಿ. ಮೆಟ್ರೋ ಧೂಳಲ್ಲಿ ಎಂಟನೇ ಮೈಲಿ ದಾಟೋಕೇ ಮುಕ್ಕಾಲು ಗಂಟೆ. ಅಪ್ಪ ದಾರಿಯುದ್ದಕ್ಕೂ "ನೀನೇ ಮಾತಾಡು, ನಾನು ಮಾತಾಡಿದ್ರೆ ಫೋನ್ ವಿಷ್ಯ ತೆಗೀತಾನೆ" ಅಂತಿದ್ರು.

ಮಾವ ಜಗಲಿ ಮೇಲೆ ಕೂತಿದ್ರು. ಪತ್ರಿಕೆ ಈಸ್ಕೊಂಡು, ಕಣ್ಣಿಗೊತ್ಕೊಂಡು, ಕನ್ನಡಕ ಹಾಕಿ, ಮೇಲಿನ ಗಣಪತಿಯಿಂದ ಬೆರಳಿಟ್ಟು ಓದ್ತಾ ಬಂದ್ರು. ನಲವತ್ತೊಂದು ಹೆಸರನ್ನೂ ಓದಿದ್ರು. ಕಡೇ ಸಾಲಿಗೆ ಬಂದು ಬೆರಳು ನಿಂತ್ಕೊಳ್ತು.

"ಉಂ. ದಪ್ಪುಕ್ಕೆ ಆಕವ್ಳೆ" ಅಂದ್ರು. ಒಳಗೆ ತಿರುಗಿ, "ಕಾಪಿ ಮಡಗ್ರಮ್ಮಿ" ಅಂದ್ರು. ಅಪ್ಪ ಉಸಿರು ಬಿಟ್ಟಿದ್ದು ನಂಗೇ ಕೇಳಿಸ್ತು.

ಆಮೇಲೆ ಮಾವ ಕೈ ಚಾಚಿದ್ರು. "ಇನ್ನೊಂದಿಪ್ಪತ್ತು ಕೊಡಮ್ಮಿ. ಊರ್ನೋರಿಗೆ ನಾನೇ ಅಂಚ್ತೀನಿ."

ಅಪ್ಪ ಸೂರು ನೋಡೋಕೆ ಶುರು ಮಾಡಿದ್ರು. ನನ್ನ ಬ್ಯಾಗಲ್ಲಿ ಇಪ್ಪತ್ತಲ್ಲ, ನಲವತ್ತು ಪತ್ರಿಕೆ ಇತ್ತು. ದಾರೀಲಿ ಬೇರೆ ನೆಂಟರ ಮನೆಗೆ ಕೊಡೋಕೆ ಅಂತ ಇಟ್ಕೊಂಡಿದ್ದೆ. ಒಂದರಲ್ಲೂ ಮಾವ ಇಲ್ಲ. ಮರೆತು ಬಂದ್ವಿ ಅನ್ನೋಣ ಅಂದ್ರೆ ಕಟ್ಟು ಬ್ಯಾಗಿಂದ ಇಣುಕ್ತಿದೆ. ಇನ್ನೇನ್ ಮಾಡ್ಲಿ, ತೆಗೆದು ಮುಂದಿಟ್ಟು ಹೇಳ್ಬಿಟ್ಟೆ.

ಮಾವ ಒಂದೊಂದೇ ತೆಗೆದು ಬರೀ ಕಡೇ ಸಾಲು ನೋಡಿದ್ರು.

"ಅಳ್ಸಿದ್ದು ಯಾರು?"

"ಯಾರೂ ಅಳಿಸಿಲ್ಲ ಮಾವ. ಬಾಕ್ಸಲ್ಲಿ ಜಾಗ ಸಾಲ್ದೆ ಕೆಳಗೆ ಹೋಗ್ಬಿಟ್ಟಿದೆ. ನಿಮ್ಮ ಹೆಸರು ಒಳಗಡೆ ಇದೆ. ಇದೆ, ಆದ್ರೆ ಕಾಣಲ್ಲ."

"ಐತೆ, ಕಾಣಾಕಿಲ್ಲ."

"ಹೂಂ ಮಾವ."

"ನಾನೇನು ದ್ಯಾವ್ರೇನಮ್ಮಿ?"

ಅಪ್ಪ ಸುಮ್ಮನಿರ್ಬೇಕಲ್ಲ. "ಅಂಗಲ್ಲ ಬಾವ, ಸೈಟು ಚಿಕ್ಕದಾಯ್ತು, ಅದ್ಕೇ..."

"ಸೈಟು ಚಿಕ್ಕದಾದ್ರೆ ಮನೇನ ಮೋರಿ ಮ್ಯಾಲೆ ನಿಲ್ಸು. ನನ್ನ ಯಾಕೆ ನಿಲ್ಸ್ತೀಯ? ಪೋನಾಗೆ ಕರದೋನು ನೀನು, ಸುಮ್ಕಿರು."

ಕಾಫಿ ಬಂತು, ಯಾರೂ ಮುಟ್ಲಿಲ್ಲ. ಮಾವ ಆ ಸಾಸಿವೆ ಬಣ್ಣದ ಪತ್ರಿಕೆ ಎತ್ತಿ, ಬೇರೆ ಪತ್ರಿಕೆ ಪಕ್ಕದಲ್ಲಿ ಹಿಡಿದ್ರು. "ಎಸ್ರು ಬಿದ್ದೋಯ್ತು, ಆಗ್ತದೆ. ನಮ್ಮೂರ ಓಟಿನ ಲಿಸ್ಟಲ್ಲೂ ಎಷ್ಟೋ ಸಲ ನನ್ನೆಸ್ರು ಬಿದ್ದೋಗೈತೆ. ಆದ್ರೆ ನಂಗೊಬ್ಬನಿಗೆ ಬ್ಯಾರೆ ಮಾಡ್ಸ್ಕಂಡು ಬಂದ್ರಲ್ಲ, ಅದೇನಮ್ಮಿ? ಅಷ್ಟು ದಡ್ನಾ ನಾನು?"

ಅಮ್ಮ ಮನೇಲಿ ಕಾಯ್ತಿದಾರೆ ಅನ್ನೋದೊಂದೇ ತಲೇಲಿ. "ಮಾವ, ಬೈಯಿರಿ, ಹೊಡೀರಿ. ಅಮ್ಮನ ಮೇಲೆ ಹಾಕ್ಬೇಡಿ. ಹಿಂಗೆ ಬೇರೆ ಮಾಡ್ಸಿದ್ದು ಅಮ್ಮನಿಗೆ ಗೊತ್ತೂ ಇಲ್ಲ. ತಪ್ಪು ನಂದು" ಅಂದೆ.

ಮಾವ ಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿ ನನ್ನ ಮುಂದಿಟ್ಟು ಕೇಳಿದ್ರು. "ಒಟ್ಟು ಎಷ್ಟು ಒಡ್ಸಿದ್ದೀರ?"

"ಆರುನೂರು."

"ನಿನ್ನ ಅಕ್ಷರ ಚೆನ್ನಾಗಿತ್ತಲ್ಲ ಮೊದ್ಲು. ನಂಗೆ ಕಾಗ್ದ ಬರೀತಿದ್ದೆ."

"ಹೂಂ."

"ಅಂಗಾದ್ರೆ ನಿನ್ನ ಕಂಪೂಟ್ರು ಬುಟ್ಟಿದ್ದನ್ನ ನಿನ್ನ ಕೈ ಬರೀಲಿ. ಎಲ್ಲಾದ್ರಾಗೂ. ಒಂದ್ರಾಗೆ ಇಲ್ದಿದ್ರೂ ನಾನು ಬರಾಕಿಲ್ಲ. ಈಗ ಕಾಪಿ ಕುಡೀರಿ."

ನಲವತ್ತು ಅಲ್ಲೇ ಜಗಲಿ ಮೇಲೆ ಬರೆದೆ, ಅವರೆದುರಿಗೇ. ಉಳಿದಿದ್ದನ್ನ ಮನೇಲಿ. ಮಗಳನ್ನ ಸ್ಕೂಲಿಗೆ ಬಿಟ್ಟು ತವರುಮನೆ ನಡುಮನೇಲಿ ಕೂತ್ರೆ ಮೂರು ಗಂಟೆ ತನಕ ಒಂದೇ ಕೆಲಸ. 'ಸೋದರಮಾವ' ಅಂತ ಬರಿ, ಹೆಸರು ಬರಿ, ಪಕ್ಕಕ್ಕಿಡು. ನುಣುಪು ಕಾರ್ಡು, ಜೆಲ್ ಪೆನ್ನಿನ ಇಂಕು ಒಣಗಲ್ಲ. ಒಂದರ ಮೇಲೊಂದಿಟ್ರೆ ಹಿಂಬದಿಗೆ ಅಂಟ್ಕೊಳ್ಳತ್ತೆ. ಚಾಪೆ, ಸೋಫಾ, ಟೀವಿ ಮೇಲೆ, ಮೆಟ್ಟಿಲ ಮೇಲೆ ಎಲ್ಲಾ ಕಡೆ ಹಪ್ಪಳ ಒಣಗಿಸಿದಂಗೆ ಮಾವನ್ನ ಒಣಗಿಸಿದ್ವಿ. ಇನ್ನೂರು ದಾಟಿದ್ಮೇಲೆ 'ಸೋ' ಕಂಡ್ರೆ ಆಗ್ತಿರ್ಲಿಲ್ಲ. ಮುನ್ನೂರಕ್ಕೆ ಹೆಬ್ಬೆರಳು ಊದ್ಕೊಳ್ತು. ಕೈಯಲ್ಲಿ ಬರೆಯೋದು ತಪ್ಪಲಿ ಅಂತಾನೇ ಅಲ್ವಾ ನಾನು ಡಿಟಿಪಿ ಕಲಿತಿದ್ದು? ಅಮ್ಮ ಮೊದಲನೇ ದಿನ ದೂರದಿಂದ ನೋಡಿದ್ರು. ಎರಡನೇ ದಿನ ಪಕ್ಕದಲ್ಲಿ ಬಂದು ಕೂತು, ನಾನು ಬರೆದಿದ್ದನ್ನೆಲ್ಲ ಒಂದೊಂದಾಗಿ ಓದಿ, ಮೂಲೆಗೆ ಅರಿಶಿನ ಹಚ್ಚಿ ಕಟ್ಟು ಕಟ್ಟಿದ್ರು. ಮನೇಲಿ ಬರೆದಿದ್ದು ಒಂದೂ ಬಿಡದೆ ಅವರ ಬೆರಳ ಕೆಳಗೆ ಹೋಗಿದೆ. ಪ್ರೂಫ್ ನೋಡೋದು ಅಂದ್ರೆ ಅದು, ಗೊತ್ತಾಯ್ತಾ?

ಮಾವ ಬಂದ್ರು. ದೇವರ ಕಾರ್ಯದ ದಿನವೇ ಬಂದು ನಮ್ಮ ಹೊಸ್ತಿಲು ದಾಟಿದ್ರು. ಮಾರನೇ ದಿನ ತಂಗಿ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬಂದಿದ್ದೂ ಅವರೇ. ಅಮ್ಮ ಓಲಗದ ಸದ್ದಲ್ಲಿ ಸೆರಗಲ್ಲಿ ಮೂಗು ಒರೆಸ್ಕೊಳ್ತಾ ನಿಂತಿದ್ರು. ಊಟದ ಮನೇಲಿ ಯಾರೋ ಪತ್ರಿಕೇಲಿ ಯಾಕೆ ಕೈಬರಹ ಅಂತ ಕೇಳಿದ್ದಕ್ಕೆ ಮಾವ ನನ್ನ ತೋರ್ಸಿ, "ನಮ್ಮ ತಂಗಿ ಮಗ್ಳು ಕಂಪೂಟ್ರು ಕಲ್ತವ್ಳೆ, ಅದ್ಕೇಯ" ಅಂದ್ರು. ಊಟಕ್ಕೆ ಕೂತಿದ್ದ ಆ ಸಾಲು ಪೂರ್ತಿ ನಕ್ಬಿಡ್ತು.

ಇಲ್ಲಿಗೆ ಮುಗೀತಾ? ಎಲ್ಲಿ ಮುಗಿಯತ್ತೆ. ಮದ್ವೆ ಆಗಿ ಒಂದು ವಾರಕ್ಕೆ ನಮ್ಮ ದೊಡ್ಡಪ್ಪ ಮನೆಗೆ ಬಂದು ಅಪ್ಪನ ಮುಂದೆ ಕೂತ್ರು. ಪಟ್ಟೀಲಿ ಮೊದಲನೇ ಹೆಸರು ಅವರದ್ದು. "ಅಲ್ಲಯ್ಯಾ, ಅವ್ನ ಎಸ್ರು ಮಾತ್ರ ಅಷ್ಟು ಮರ್ವಾದೆ ಕೊಟ್ಟು ಕೈಯಾಗೆ ಬರ್ಸಿದ್ದೀಯ, ನಮ್ಮನ್ನೆಲ್ಲ ಮಿಸೀನಾಗೆ ಒಡ್ಸಿ ಬಿಸಾಕಿದ್ದೀಯಲ್ಲ?" ಅಂತ. ಅಪ್ಪ ನನ್ನ ಕಡೆ ನೋಡಿದ್ರು. ನಾನು ಎದ್ದು ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ಹೋಗ್ಬಿಟ್ಟೆ. ಅವತ್ತು ಭಾನುವಾರ.

ಅಂಗಡಿ ಇಟ್ಟೆ, ವರ್ಷಗಟ್ಲೆ ನಡೆಸಿದೆ. ಗಿರಾಕಿ ಎದುರಿಗೆ ಕೂರಿಸಿ ಕೆಳಗಿಂದ ಮೇಲಕ್ಕೆ ಓದಿಸ್ತಿದ್ದೆ, ಕಡೇ ಹೆಸರು ಮೊದ್ಲು. ತುಂಬಾ ಜನ ತಲೆ ಕೆಟ್ಟಿದೆ ಅಂದ್ಕೊಂಡ್ರು. ಅಂದ್ಕೊಳ್ಳಲಿ.

ನಿಮ್ಮನೆ ಪತ್ರಿಕೇಲಿ ಯಾರು ಬಿದ್ದೋದ್ರು, ಏನು ಹೇಳಿ ಸಮಾಧಾನ ಮಾಡಿದ್ರಿ, ಕೊನೇಗೆ ಅವರು ಮದ್ವೆಗೆ ಬಂದ್ರಾ ಇಲ್ವಾ, ಕೆಳಗೆ ಬರೀರಿ. ಎಲ್ಲಾನೂ ಓದ್ತೀನಿ. ಕಳಿಸೋಕೆ ಮುಂಚೆ ಮಾತ್ರ ಕಡೇ ಸಾಲು ಇದ್ಯಾ ಅಂತ ಒಂದ್ಸಲ ನೋಡ್ಕೊಳ್ಳಿ.